ಹಳೆ ಪಿಕಪ್‌ಗೆ ಹೊಸ ರೇಡಿಯೋ: ಡ್ಯಾಶ್‌ಬೋರ್ಡ್ ಕೊಯ್ಯುವ ಮೊದಲು

ಗಲ್ಫ್‌ನ ಗ್ಯಾರೇಜುಗಳ ಸುದ್ದಿ ನಮ್ಮ ಕರಾವಳಿಯ ಮನೆಗಳಿಗೆ ಹೊಸತಲ್ಲ. ಒಬ್ಬ ಮಗ ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಆಟೋ ಎಲೆಕ್ಟ್ರಿಷಿಯನ್, ಇನ್ನೊಬ್ಬ ಅಬುಧಾಬಿಯ ಮುಸಫ್ಫಾದಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ, ಅಳಿಯ ದಮ್ಮಾಮಿನಲ್ಲಿ ಎ.ಸಿ. ಮೆಕ್ಯಾನಿಕ್. ದಿನವಿಡೀ ಅವರ ಕೈಗೆ ಬರುವುದು ಹಿಲಕ್ಸ್, ಲ್ಯಾಂಡ್ ಕ್ರೂಸರ್, ನಿಸ್ಸಾನ್ ಪಿಕಪ್. ಅಪರೂಪಕ್ಕೊಮ್ಮೆ ಟ್ರೈಲರ್ ಮೇಲೆ ಹೇರಿಕೊಂಡು ಎಪ್ಪತ್ತು ವರ್ಷದ ಅಮೆರಿಕನ್ ಪಿಕಪ್ ಒಂದು ಶೆಡ್ಡಿನ ಮುಂದೆ ಬಂದು ನಿಲ್ಲುವುದೂ ಉಂಟು. ಪೇಂಟ್ ಆಗಿದೆ, ಎಂಜಿನ್ ಆಗಿದೆ, ಸೀಟು ಹೊಲಿದಾಗಿದೆ. ಬಾಕಿ ಉಳಿದಿರುವುದು ರೇಡಿಯೋ. ಮಾಲಕರ ಬೇಡಿಕೆ ಒಂದೇ: ಮೊಬೈಲ್ ಕನೆಕ್ಟ್ ಆಗಬೇಕು, ಎಫ್‌ಎಂ ಬರಬೇಕು, ನೋಡಲಿಕ್ಕೆ ಮಾತ್ರ ಹಳೆಯದರ ಹಾಗೆಯೇ ಇರಬೇಕು.

ರೇಡಿಯೋ ಫಿಟ್ಟಿಂಗ್ ಎಂದರೆ ಒಂದು ಗಂಟೆಯ ಕೆಲಸ, ಅದರಲ್ಲಿ ಎಂತ ಉಂಟು ಅಂತ ಕೇಳುವವರಿದ್ದಾರೆ. ಹಿಲಕ್ಸ್‌ಗಾದರೆ ಸರಿ. ಆದರೆ 1950ರ ಶೆವರ್ಲೆಯ ಡ್ಯಾಶ್‌ಬೋರ್ಡಿಗೆ ಒಮ್ಮೆ ಗರಗಸ ಹಾಕಿದರೆ ಆ ತಗಡು ವಾಪಸ್ ಬರುವುದಿಲ್ಲ. ವೈರಿನ ಪಾಸಿಟಿವ್-ನೆಗೆಟಿವ್ ನೋಡದೆ ಕೂಡಿಸಿದರೆ ಹೊಸ ರೇಡಿಯೋ ಒಂದು ಕ್ಷಣದಲ್ಲಿ ಸುಟ್ಟು ಹೋಗುತ್ತದೆ, ಕೆಲವೊಮ್ಮೆ ವೈರಿಂಗ್ ಸಮೇತ. ಎರಡರ ಬಾಬ್ತೂ ಕೊನೆಗೆ ಬಂದು ಬೀಳುವುದು ಕೆಲಸ ಮಾಡಿದ ಹುಡುಗನ ತಲೆಗೆ. ಹಾಗಾಗಿ ಈ ವಾರ ಇದೇ ವಿಷಯ.

ಮೊದಲು ಈ ಗಾಡಿಗಳ ಬಗ್ಗೆ ಎರಡು ಮಾತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಕಂಪನಿಗಳು ಪಿಕಪ್‌ಗಳನ್ನು ಹೊಸದಾಗಿ ರೂಪಿಸಿದವು. 1947ರ ಜೂನ್‌ನಲ್ಲಿ ಶೆವರ್ಲೆಯ 'ಅಡ್ವಾನ್ಸ್ ಡಿಸೈನ್' ಬಂತು. ಗುಂಡು ಗುಂಡಾದ ಮಡ್‌ಗಾರ್ಡ್, ಮುಂದೆ ಅಡ್ಡ ಪಟ್ಟಿಗಳ ಗ್ರಿಲ್, 3100 ಎಂಬ ನಂಬರು. 1948ರಲ್ಲಿ ಫೋರ್ಡ್‌ನ ಎಫ್ ಸೀರೀಸ್ ಶುರುವಾಯಿತು; 1953ರಲ್ಲಿ ಅದೇ ಎಫ್-100 ಆಯಿತು. ಡಾಜ್ ಕಂಪನಿಯಂತೂ ಯುದ್ಧದಲ್ಲಿ ಓಡಿದ್ದ ಮಿಲಿಟರಿ ಲಾರಿಯನ್ನೇ ತಿದ್ದಿ 'ಪವರ್ ವ್ಯಾಗನ್' ಎಂದು ಮಾರಿತು. ಮರಳುಗಾಡಿಗೆ ಈ ಪವರ್ ವ್ಯಾಗನ್ನಿನ ನಂಟು ಹಳೆಯದು. ಸೌದಿಯಲ್ಲಿ ಎಣ್ಣೆ ಹುಡುಕುತ್ತಿದ್ದ ಅರಾಮ್ಕೋ ಕಂಪನಿಯವರು ರಸ್ತೆಯೇ ಇಲ್ಲದ ಜಾಗಗಳಲ್ಲಿ ಓಡಿಸಿದ ಗಾಡಿಗಳಲ್ಲಿ ಇದೂ ಒಂದು. ಅಬುಧಾಬಿಯ ಶೇಖ್ ಹಮದ್ ಬಿನ್ ಹಮ್ದಾನ್ ಅಲ್ ನಹ್ಯಾನ್ ಅವರ ವಾಹನ ಮ್ಯೂಸಿಯಮ್ಮಿಗೆ ಹೋದವರು ಅಲ್ಲಿನ ದೈತ್ಯ ಪವರ್ ವ್ಯಾಗನ್ ನೋಡಿಯೇ ಇರುತ್ತಾರೆ. ಅದರ ಹೊಟ್ಟೆಯೊಳಗೆ ಕೋಣೆಗಳೇ ಇವೆ, ಮನೆಯಷ್ಟು ದೊಡ್ಡದು. ಅಂಥದ್ದನ್ನು ಕಟ್ಟಿಸುವ ಜನ ಇರುವ ನಾಡಿನಲ್ಲಿ ಹಳೆ ಪಿಕಪ್ ಪ್ರೀತಿಸುವವರಿಗೆ ಬರಗಾಲವಿಲ್ಲ.

ಆಗಿನ ಪಿಕಪ್ ರೈತರ, ಕಂಟ್ರಾಕ್ಟರುಗಳ ಗಾಡಿ. ಹೀಟರ್ ಬೇಕಾದರೆ ಬೇರೆ ದುಡ್ಡು, ರೇಡಿಯೋ ಬೇಕಾದರೆ ಬೇರೆ ದುಡ್ಡು. ಶೆವರ್ಲೆ ಪಿಕಪ್‌ಗಳಲ್ಲಿ ಡ್ಯಾಶ್‌ಬೋರ್ಡಿನ ಒಳಗೇ ಕೂರುವ ರೇಡಿಯೋ ಸಿಗತೊಡಗಿದ್ದೇ ಈ ಅಡ್ವಾನ್ಸ್ ಡಿಸೈನ್ ಕಾಲದಲ್ಲಿ. ಬಹಳಷ್ಟು ಜನ ಅದನ್ನು ತೆಗೆದುಕೊಳ್ಳಲೇ ಇಲ್ಲ. ರೇಡಿಯೋ ಇರಬೇಕಾದ ಜಾಗದಲ್ಲಿ ಒಂದು ತಗಡಿನ ಮುಚ್ಚಳ ಹಾಕಿಕೊಂಡೇ ಗಾಡಿ ಓಡಿಸಿದರು. ಹಾಗಾಗಿ ಇವತ್ತು ನಮ್ಮ ಹುಡುಗರ ಮುಂದೆ ಬರುವ ಗಾಡಿಯಲ್ಲಿ ಮೂರರಲ್ಲಿ ಒಂದು ಸ್ಥಿತಿ ಇರುತ್ತದೆ: ಒರಿಜಿನಲ್ ರೇಡಿಯೋ ಉಂಟು, ಹಾಡುವುದಿಲ್ಲ, ರೇಡಿಯೋ ಇರಲೇ ಇಲ್ಲ, ಮುಚ್ಚಳ ಉಂಟು, ಇಲ್ಲವೇ ಯಾರೋ ಮೊದಲೇ ಕೊಯ್ದು ಹಾಕಿದ್ದಾರೆ.

ಮೂರನೆಯದ್ದೇ ಬೇಸರದ ಕತೆ. ಕ್ಯಾಸೆಟ್ ಪ್ಲೇಯರ್ ಬಂದ ಕಾಲ ನೆನಪಿದೆಯಲ್ಲ? ಗಲ್ಫಿನಿಂದ ಬರುವಾಗ ಉಪ್ಪನೋ ಕಾಕನೋ ತಂದ ಟೂ-ಇನ್-ವನ್ ಇಡೀ ಓಣಿಗೆ ಹಾಡಿದ ಕಾಲ. ಅದೇ ಹೊತ್ತಿಗೆ ಕಾರುಗಳಿಗೂ ಕ್ಯಾಸೆಟ್ ಬಂತು. ಅದರ ಅಳತೆಗೆ ಜರ್ಮನಿಯವರು ಒಂದು ಲೆಕ್ಕ ಮಾಡಿದರು: 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರ. ಇವತ್ತಿಗೂ ಅಂಗಡಿಯಲ್ಲಿ 'ಸಿಂಗಲ್ ಡಿನ್' ಎಂದು ಕೇಳಿದರೆ ಕೊಡುವುದು ಇದೇ ಸೈಜ್. ಹಳೆಯ ಪಿಕಪ್‌ನಲ್ಲಿ ಇಷ್ಟು ದೊಡ್ಡ ಆಯತದ ತೂತು ಎಲ್ಲಿಂದ ಬರಬೇಕು? ಅದರಲ್ಲಿ ಇದ್ದದ್ದು ಎಡಕ್ಕೊಂದು ಬಲಕ್ಕೊಂದು ಗುಂಡನೆಯ ತೂತು, ನಡುವೆ ಸ್ಟೇಷನ್ ಅಂಕಿ ಕಾಣಲು ಒಂದು ಸಣ್ಣ ಕಿಟಕಿ, ಅಷ್ಟೇ. ಎಡದ ತಿರುಗಣೆ ಆನ್-ಆಫ್ ಮತ್ತು ವಾಲ್ಯೂಮ್. ಬಲದ್ದು ಸ್ಟೇಷನ್ ಹುಡುಕಲು. ನಡುವೆ ಐದು ಒತ್ತುಗುಂಡಿಗಳು. ಕ್ಯಾಸೆಟ್ ಕೂರಿಸಲು ಜನ ಈ ಮೂರೂ ತೂತುಗಳನ್ನು ಒಂದು ಮಾಡಿ ಕೊಯ್ದರು. ನಲವತ್ತು ವರ್ಷದ ಹಿಂದೆ ಅದು ಹಳೆ ಗುಜರಿ ಗಾಡಿ, ಯಾರಿಗೂ ಪಾಪ ಅನಿಸಲಿಲ್ಲ. ಈಗ ಅದೇ ತೂತು ಮುಚ್ಚಲು ತಗಡು ವೆಲ್ಡ್ ಮಾಡಿ, ಉಜ್ಜಿ, ಪುಟ್ಟಿ ಹಾಕಿ ಪೇಂಟ್ ಹೊಡೆಯಬೇಕು. ರೇಡಿಯೋಗಿಂತ ಅದರ ಮಜೂರಿಯೇ ಜಾಸ್ತಿ.

ಹಳೆ ವೇಷದ ಹೊಸ ರೇಡಿಯೋ ಹುಟ್ಟಿದ್ದು ಈ ತಾಪತ್ರಯದಿಂದಲೇ. ಅಮೆರಿಕದ ಕಸ್ಟಮ್ ಆಟೋಸೌಂಡ್, ರೆಟ್ರೋಸೌಂಡ್ ಮೊದಲಾದ ಕಂಪನಿಗಳು ಇದನ್ನೇ ಕಸುಬು ಮಾಡಿಕೊಂಡಿವೆ. ಉಪಾಯ ಸರಳ. ಒಳಗೆ ಕ್ಯಾಸೆಟ್ಟೂ ಇಲ್ಲ, ಸಿ.ಡಿ.ಯೂ ಇಲ್ಲ, ಇರುವುದು ಒಂದು ಸರ್ಕ್ಯೂಟ್ ಬೋರ್ಡ್ ಮಾತ್ರ. ಹಾಗಾಗಿ ಡಬ್ಬ ಸಣ್ಣದು ಮಾಡಬಹುದು. ಎಡ-ಬಲದ ತಿರುಗಣೆಗಳ ದಂಡನ್ನು ಬೇಕಾದಷ್ಟು ದೂರಕ್ಕೆ ಸರಿಸಿ ಕೂರಿಸುವ ಏರ್ಪಾಡು ಇರುತ್ತದೆ, ಯಾಕೆಂದರೆ ಶೆವರ್ಲೆಯ ಎರಡು ತೂತುಗಳ ಅಂತರ ಬೇರೆ, ಫೋರ್ಡಿನದ್ದು ಬೇರೆ. ಮುಂದಿನ ಮುಖಕ್ಕೆ ಆಯಾ ಗಾಡಿಗೆ ಹೊಂದುವ ಕ್ರೋಮ್ ಪಟ್ಟಿ, ಅದೇ ಕಾಲದ ಆಕಾರದ ತಿರುಗಣೆ. ಅಂಕಿಗಳು ಕಾಣುವ ಜಾಗದಲ್ಲಿ ಡಿಜಿಟಲ್ ಡಿಸ್‌ಪ್ಲೇ. ಬ್ಲೂಟೂತ್, ಯು.ಎಸ್.ಬಿ. ಎಲ್ಲ ಹಿಂದಿನಿಂದ ವೈರಾಗಿ ಬಂದು ಗ್ಲೋವ್ ಬಾಕ್ಸಿನಲ್ಲಿ ಅಡಗುತ್ತವೆ. ಯುರೋಪಿನಲ್ಲೂ ಈ ಹುಚ್ಚು ಹತ್ತಿದೆ. ಪೋರ್ಷೆ ಕಂಪನಿ ತನ್ನ ಹಳೆ ಕಾರುಗಳಿಗಾಗಿ ತಾನೇ ಇಂಥ ರೇಡಿಯೋ ಮಾರುತ್ತಿದೆ.

ಕೊಳ್ಳುವಾಗ ಒಂದು ಮಾತು. ಡಿಸ್‌ಪ್ಲೇಯ ಬೆಳಕಿನ ಬಣ್ಣ ಬದಲಿಸುವ ಸೌಲಭ್ಯ ಇರುವುದನ್ನೇ ತೆಗೆದುಕೊಳ್ಳಿ, ಸ್ಪೀಡೋಮೀಟರಿನ ಬಲ್ಬಿನ ಹಳದಿಗೆ ಹೊಂದಿಸಿ. ಹಳೆ ಶೆವರ್ಲೆಯೊಳಗೆ ಕಡುನೀಲಿ ಬೆಳಕು ಉರಿಯುವುದು ನೋಡಿದರೆ ಮದುವೆ ಮನೆಯ ಸೀರಿಯಲ್ ಲೈಟ್ ನೆನಪಾಗುತ್ತದೆ. ಇನ್ನೊಂದು, ಬೇಸಿಗೆಯ ಬಿಸಿಲಿಗೆ ಮುಚ್ಚಿದ ಕ್ಯಾಬಿನ್ನಿನ ತಗಡು ಎಷ್ಟು ಕಾಯುತ್ತದೆ ಅಂತ ಗಲ್ಫಿನವರಿಗೆ ಹೇಳಬೇಕಿಲ್ಲ. ಎಲ್.ಸಿ.ಡಿ. ಪರದೆ ವಿಪರೀತ ಬಿಸಿಗೆ ಕಪ್ಪಾಗುತ್ತದೆ. ಗಾಡಿ ನಿಲ್ಲಿಸಿದಾಗ ಗಾಜಿಗೆ ಪರದೆ ಹಾಕುವುದು ಈ ರೇಡಿಯೋಗಾದರೂ ಅಭ್ಯಾಸವಾಗಲಿ.

ಒಳಗಿನ ಕತೆ

ಕಾರಿನೊಳಗೆ ರೇಡಿಯೋ ಎಂಬ ವಿಚಾರವನ್ನು ವ್ಯಾಪಾರವಾಗಿ ನಿಲ್ಲಿಸಿದವರು ಶಿಕಾಗೋದ ಗ್ಯಾಲ್ವಿನ್ ಸಹೋದರರು. 1930ರಲ್ಲಿ ಅವರು ಹೊರತಂದ ಸೆಟ್ಟಿನ ಬೆಲೆ 110ರಿಂದ 130 ಡಾಲರ್. ಐನೂರು-ಆರುನೂರು ಡಾಲರಿಗೆ ಹೊಸ ಫೋರ್ಡ್ ಕಾರೇ ಮನೆಗೆ ಬರುತ್ತಿದ್ದ ಕಾಲ ಅದು. ಮೋಟರ್ ಎಂಬ ಪದಕ್ಕೆ ಒಂದು ಬಾಲ ಹಚ್ಚಿ 'ಮೋಟರೋಲಾ' ಎಂದು ಹೆಸರಿಟ್ಟರು. ಹೌದು, ನಮ್ಮಲ್ಲಿ ಎಷ್ಟೋ ಜನರ ಜೇಬಿನಲ್ಲಿರುವ ಮೊಬೈಲಿನ ಅದೇ ಹೆಸರು. ಆ ಮೊದಲ ಸೆಟ್ಟಿನ ಕೆಲಸದಲ್ಲಿ ಕೈಜೋಡಿಸಿದ ಇಬ್ಬರಲ್ಲಿ ವಿಲಿಯಂ ಲಿಯರ್ ಮುಂದೆ ಲಿಯರ್‌ಜೆಟ್ ವಿಮಾನ ಕಟ್ಟಿದರು. ಎಲ್ಮರ್ ವೇವರಿಂಗ್ ಕಾರಿನ ಆಲ್ಟರ್ನೇಟರ್ ಬೆಳೆಸುವುದರಲ್ಲಿ ಮುಂದಾಳಾದರು. ಆಲ್ಟರ್ನೇಟರಿನ ಮಾತು ಈಗ ಮತ್ತೆ ಬರುತ್ತದೆ.

ಹಳೆ ರೇಡಿಯೋದ ಹೊಟ್ಟೆಯಲ್ಲಿದ್ದದ್ದು ಗಾಜಿನ ವಾಲ್ವ್‌ಗಳು. ಅವಕ್ಕೆ ಇನ್ನೂರರ ಆಸುಪಾಸು ವೋಲ್ಟ್ ಬೇಕು, ಗಾಡಿಯಲ್ಲಿ ಇದ್ದದ್ದು ಬರೀ 6 ವೋಲ್ಟ್. ಅದಕ್ಕೆ ವೈಬ್ರೇಟರ್ ಎಂಬ ಡಬ್ಬಿ ಇರುತ್ತಿತ್ತು. ಅದರೊಳಗಿನ ಲೋಹದ ನಾಲಗೆ ಸೆಕೆಂಡಿಗೆ ನೂರಾರು ಸಲ ಅದುರಿ ಕರೆಂಟನ್ನು ಕತ್ತರಿಸಿ ಕೊಡುತ್ತದೆ, ಟ್ರಾನ್ಸ್‌ಫಾರ್ಮರ್ ಅದನ್ನು ಏರಿಸುತ್ತದೆ. ಸ್ವಿಚ್ ಹಾಕಿದ ಕೂಡಲೇ 'ಝೂಂ' ಎಂಬ ಸದ್ದು, ವಾಲ್ವ್ ಬಿಸಿಯಾದ ಮೇಲಷ್ಟೇ ಹಾಡು. ಹಳೆ ಸೆಟ್ ಕೈಗೆ ಸಿಕ್ಕಿದ ಹುಡುಗರಿಗೆ ಒಂದು ಎಚ್ಚರಿಕೆ: ಬ್ಯಾಟರಿ ವೈರ್ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಕರೆಂಟ್ ಉಳಿದಿರಬಹುದು. 'ಸತ್ತ ರೇಡಿಯೋ' ಅಂತ ಬೆರಳು ಹಾಕಬೇಡಿ, ಮಾರಾಯ್ರೆ. ವಾಲ್ವ್ ಇಲ್ಲದ, ಪೂರ್ತಿ ಟ್ರಾನ್ಸಿಸ್ಟರಿನ ಕಾರು ರೇಡಿಯೋ ಫಿಲ್ಕೋ ಮತ್ತು ಕ್ರೈಸ್ಲರ್ ಕಂಪನಿಗಳಿಂದ ಬಂದದ್ದು 1955ರಲ್ಲಿ, ಅದೂ 150 ಡಾಲರಿನ ದುಬಾರಿ ಸಾಮಾನಾಗಿ.

1955 ಎಂಬ ಇಸವಿಯನ್ನು ಬೇರೆ ಕಾರಣಕ್ಕೂ ನೆನಪಿಡಬೇಕು. ಶೆವರ್ಲೆ ಪಿಕಪ್‌ಗಳು 6 ವೋಲ್ಟಿನಿಂದ 12 ವೋಲ್ಟಿಗೆ ಬಂದದ್ದು ಆ ವರ್ಷದ ಹೊಸ ಮಾಡೆಲಿನಿಂದ. ಫೋರ್ಡ್ ಬಂದದ್ದು 1956ರಲ್ಲಿ. ಇಷ್ಟೇ ಆಗಿದ್ದರೆ ಸುಲಭವಿತ್ತು. ಹಳೆ ಫೋರ್ಡ್‌ಗಳಲ್ಲಿ ಬಾಡಿಗೆ ಅರ್ತ್ ಆಗಿದ್ದದ್ದು ಬ್ಯಾಟರಿಯ ಪಾಸಿಟಿವ್! ಶೆವರ್ಲೆ 6 ವೋಲ್ಟ್ ಆದರೂ ನೆಗೆಟಿವ್ ಅರ್ತ್. ಈ ವ್ಯತ್ಯಾಸ ಗೊತ್ತಿಲ್ಲದೆ ಕೈ ಹಾಕಿದವರೇ ಹೊಸ ರೇಡಿಯೋ ಸುಡುವುದು. ಗಾಡಿ ಬಂದ ಕೂಡಲೇ ಮೊದಲು ಬಾನೆಟ್ ಎತ್ತಿ, ಬ್ಯಾಟರಿಯ ಯಾವ ಟರ್ಮಿನಲ್ ಬಾಡಿಗೆ ಹೋಗಿದೆ ನೋಡಿ, ಮೀಟರ್ ಹಿಡಿದು ಖಾತ್ರಿ ಮಾಡಿ. ಎಪ್ಪತ್ತು ವರ್ಷದಲ್ಲಿ ಎಷ್ಟು ಕೈ ದಾಟಿದೆಯೋ, ಯಾರು ಏನು ಬದಲಿಸಿದ್ದಾರೋ! ಪುಸ್ತಕದಲ್ಲಿ ಇರುವುದೇ ಗಾಡಿಯಲ್ಲಿ ಇರಬೇಕೆಂದಿಲ್ಲ.

6 ವೋಲ್ಟಿನ ಗಾಡಿಗೆ ಎರಡು ದಾರಿ. ಒಂದು, ಇಡೀ ಗಾಡಿಯನ್ನೇ 12 ವೋಲ್ಟ್ ನೆಗೆಟಿವ್ ಅರ್ತ್ ಮಾಡುವುದು. ಬ್ಯಾಟರಿ, ಡೈನಮೋ ಬದಲು ಆಲ್ಟರ್ನೇಟರ್, ಕಾಯಿಲ್, ಬಲ್ಬುಗಳು ಎಲ್ಲ ಬದಲಾಗಬೇಕು. ಪೆಟ್ರೋಲ್ ಗೇಜಿಗೆ ವೋಲ್ಟ್ ಇಳಿಸುವ ಸಾಧನ ಬೇಕು. ಎ.ಸಿ.ಯೂ ಹಾಕುವ ಯೋಚನೆ ಇದ್ದರೆ ಇದೇ ಸರಿ. ಎರಡನೆಯದು, ಗಾಡಿಯ ವೈರಿಂಗ್ ಮುಟ್ಟದೆ ರೇಡಿಯೋಗೆ ಮಾತ್ರ 6ರಿಂದ 12 ವೋಲ್ಟಿಗೆ ಏರಿಸುವ ಕನ್ವರ್ಟರ್ ಕೂರಿಸುವುದು. ಇಲ್ಲಿ ಲೆಕ್ಕ ಮರೆಯಬಾರದು: ರೇಡಿಯೋ 12 ವೋಲ್ಟಿನಲ್ಲಿ 5 ಆಂಪಿಯರ್ ಎಳೆದರೆ, 6 ವೋಲ್ಟಿನ ಕಡೆಯಿಂದ 10ಕ್ಕಿಂತ ಜಾಸ್ತಿ ಹೋಗುತ್ತದೆ. ದಪ್ಪ ವೈರ್, ಬ್ಯಾಟರಿ ಹತ್ತಿರವೇ ಫ್ಯೂಸ್.

ಪಾಸಿಟಿವ್ ಅರ್ತ್ ಗಾಡಿಗೆ ಕನ್ವರ್ಟರ್ ತರುವಾಗ ಒಳಬರುವ ಮತ್ತು ಹೊರಹೋಗುವ ಕಡೆಗಳು ಒಂದಕ್ಕೊಂದು ಸಂಬಂಧವಿಲ್ಲದೆ ಬೇರ್ಪಟ್ಟಿರುವ ಜಾತಿಯದ್ದನ್ನೇ ಕೇಳಿ ತರಬೇಕು. ಅಗ್ಗದ್ದರಲ್ಲಿ ಎರಡೂ ಕಡೆಯ ನೆಗೆಟಿವ್ ಒಂದೇ ಆಗಿರುತ್ತದೆ. ಅದನ್ನು ಹಾಕಿದರೆ ರೇಡಿಯೋದ ಡಬ್ಬ ನೆಗೆಟಿವ್, ಗಾಡಿಯ ಬಾಡಿ ಪಾಸಿಟಿವ್. ಡಬ್ಬ ಡ್ಯಾಶ್‌ಬೋರ್ಡಿಗೆ ತಾಗಿದರೆ ಮುಗಿಯಿತು. ಸುತ್ತ ರಬ್ಬರ್ ಇಟ್ಟು ಜಾಣತನ ಮಾಡಿದೆವು ಅಂದುಕೊಂಡವರಿಗೂ ಒಂದು ಕಳ್ಳದಾರಿ ಕಾಯುತ್ತಿರುತ್ತದೆ: ಆಂಟೆನಾ. ಅದರ ಬುಡ ಬಾಡಿಗೆ ಬೋಲ್ಟಾಗಿದೆ, ಅದರ ಕೇಬಲಿನ ಹೊರಗಿನ ಜಾಲರಿ ರೇಡಿಯೋದ ಡಬ್ಬಕ್ಕೆ ಸೇರಿದೆ. ಆಂಟೆನಾ ಪಿನ್ ಚುಚ್ಚಿದ ಕ್ಷಣ ಶಾರ್ಟ್.

ಇನ್ನು ಮೆಮೊರಿ ವೈರ್. ಹೊಸ ರೇಡಿಯೋಗೆ ಹಳದಿ ವೈರ್ ಒಂದು ಸದಾ ಬ್ಯಾಟರಿಗೆ ಸೇರಿರಬೇಕು, ಕೆಂಪು ವೈರ್ ಕೀಲಿ ತಿರುಗಿಸಿದಾಗ ಮಾತ್ರ ಜೀವಂತ. ಹಳದಿಯದ್ದು ಎಳೆಯುವುದು ತೀರಾ ಚೂರು. ಆದರೆ ಇವು ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ಹೊರಗೆ ಬರುವ ಗಾಡಿಗಳು. ಅಷ್ಟರಲ್ಲಿ ಬ್ಯಾಟರಿ ಬಸವಳಿದಿರುತ್ತದೆ. ಬ್ಯಾಟರಿಗೆ ಕಟ್-ಆಫ್ ಸ್ವಿಚ್ ಹಾಕಿ, ಸ್ಟೇಷನ್‌ಗಳ ನೆನಪು ಹೋದರೆ ಹೋಗಲಿ ಎನ್ನುವುದೇ ನಮ್ಮ ಅಭಿಪ್ರಾಯ. ಹಳೆ ವೈರಿಂಗಿನ ಗಾಡಿಯನ್ನು ರಾತ್ರಿಯಿಡೀ ಕರೆಂಟ್ ಸಮೇತ ಶೆಡ್ಡಿನಲ್ಲಿ ಬಿಡುವುದಕ್ಕಿಂತ ಬೆಳಿಗ್ಗೆ ಎರಡು ಗುಂಡಿ ಒತ್ತುವುದು ಲೇಸು.

ಎಂಜಿನ್ ಸ್ಟಾರ್ಟ್ ಆದ ಮೇಲೆ ರೇಡಿಯೋದಲ್ಲಿ 'ಟಿಕ್ ಟಿಕ್' ಕೇಳಿದರೆ ಅದು ಸ್ಪಾರ್ಕ್ ಪ್ಲಗ್ಗಿನದು. ಆಕ್ಸಿಲರೇಟರ್ ಒತ್ತಿದ ಹಾಗೆ 'ಕುಂಯ್' ಎಂದು ಏರಿದರೆ ಡೈನಮೋ ಅಥವಾ ಆಲ್ಟರ್ನೇಟರಿನದು. ಮೊದಲನೆಯದಕ್ಕೆ ತಾಮ್ರದ ಪ್ಲಗ್ ವೈರ್ ತೆಗೆದು ಕಾರ್ಬನ್ ವೈರ್, ರೆಸಿಸ್ಟರ್ ಇರುವ ಪ್ಲಗ್. ಎರಡನೆಯದಕ್ಕೆ ಕಂಡೆನ್ಸರ್ ಮತ್ತು ರೇಡಿಯೋಗೆ ಒಳ್ಳೆಯ ಅರ್ತ್. ರೇಡಿಯೋ ಕೆಟ್ಟದ್ದೆಂದು ವಾಪಸ್ ಕೊಟ್ಟು ಬರುವವರಲ್ಲಿ ಹೆಚ್ಚಿನವರ ತೊಂದರೆ ಇಲ್ಲೇ ಇರುತ್ತದೆ.

ಸ್ಪೀಕರ್ ಎಲ್ಲಿಡುವುದು?

ಆಗಿನ ಪಿಕಪ್‌ಗೆ ಒಂದೇ ಸ್ಪೀಕರ್, ಡ್ಯಾಶ್‌ಬೋರ್ಡಿನ ನಡುವೆ. ಈಗಿನ ಹಾಡು ಎಡ-ಬಲ ಎಂದು ಎರಡು ಪಾಲಾಗಿ ಬರುತ್ತದೆ. ಎರಡೂ ವೈರುಗಳನ್ನು ಒಟ್ಟಿಗೆ ತಿರುಚಿ ಒಂದೇ ಸ್ಪೀಕರಿಗೆ ಕೊಟ್ಟರೆ ಒಳಗಿನ ಆಂಪ್ಲಿಫೈಯರ್ ಐ.ಸಿ. ಹೋಗುತ್ತದೆ. ಹಳೆ ಗಾಡಿಯ ಸ್ಪೀಕರಿನ ಒಂದು ವೈರ್ ಬಾಡಿಗೆ ಅರ್ತ್ ಆಗಿರುವುದುಂಟು. ಅದಕ್ಕೇ ಹೊಸ ರೇಡಿಯೋ ಕೂಡಿಸಿದರೂ ಅದೇ ಗತಿ. ಒಂದೇ ಸ್ಪೀಕರಿನೊಳಗೆ ಎರಡು ಕಾಯಿಲ್ ಇರುವ ಜಾತಿ ಸಿಗುತ್ತದೆ, ಹಳೆಯ ಜಾಗದಲ್ಲೇ ಕೂರುತ್ತದೆ. ಎಡ-ಬಲ ಎರಡೂ ಅದರಲ್ಲೇ ಹಾಡುತ್ತವೆ. ಕ್ಯಾಬಿನ್ ಸಣ್ಣದು, ಎಂಜಿನ್ ಸದ್ದು ದೊಡ್ಡದು. ಇಷ್ಟು ಸಾಕು ಎನ್ನುವುದು ನಮ್ಮ ಮಾತು.

ಸಾಲದು, ಬಾಸ್ ಬೇಕು ಎನ್ನುವ ಮಾಲಕರಿದ್ದಾರೆ. ಅವರಿಗಾಗಿ ಸೀಟಿನ ಹಿಂದೆ ಸ್ಪೀಕರ್ ಪೆಟ್ಟಿಗೆ ಬಿಗಿಯಲು ಡ್ರಿಲ್ ಕೈಗೆತ್ತಿಕೊಳ್ಳುವ ಮೊದಲು ಸೀಟು ಮಡಚಿ ನೋಡಿ. 1972ರವರೆಗಿನ ಎಷ್ಟೋ ಶೆವರ್ಲೆ ಪಿಕಪ್‌ಗಳಲ್ಲಿ, ಅದೇ ಕಾಲದ ಫೋರ್ಡ್‌ಗಳಲ್ಲೂ, ಪೆಟ್ರೋಲ್ ಟ್ಯಾಂಕ್ ಇರುವುದು ಕ್ಯಾಬಿನ್ನಿನ ಒಳಗೆ, ಸೀಟಿನ ಬೆನ್ನಿಗೆ ತಾಗಿಕೊಂಡೇ! ಈಗಿನ ಗಾಡಿಗಳಲ್ಲೇ ಕಲಿತ ಹುಡುಗರಿಗೆ ಇದು ಹೊಳೆಯುವುದೇ ಇಲ್ಲ. ಒಂದು ಸ್ಕ್ರೂ ಒಳಗೆ ಹೋದರೆ ಆಗುವುದನ್ನು ಬರೆಯಬೇಕಿಲ್ಲ. ಸ್ಪೀಕರಿನ ವೈರ್ ಅಲ್ಲಿಂದ ಹಾದುಹೋಗುವುದಾದರೂ ಟ್ಯಾಂಕಿನ ಅಂಚಿಗೆ ಉಜ್ಜದಂತೆ ಪೈಪ್ ಹಾಕಿಯೇ ಒಯ್ಯಬೇಕು. ಸೀಟಿನ ಅಡಿಯ ಜಾಗ, ಕಾಲಿನ ಪಕ್ಕದ ಬದಿ ಇದ್ದೇ ಇದೆ.

ಅಮೆರಿಕದಿಂದ ತರಿಸಿದ ಸೆಟ್ಟಿನಲ್ಲಿ ಇನ್ನೊಂದು ಸಣ್ಣ ಕಿರಿಕಿರಿ ಉಂಟು. ಅಲ್ಲಿನ ಎ.ಎಂ. ಸ್ಟೇಷನ್‌ಗಳು 10 ಕಿಲೋಹರ್ಟ್ಸ್‌ಗೊಂದರಂತೆ ನಿಂತಿವೆ, ನಮ್ಮ ಕಡೆ 9ಕ್ಕೊಂದು. ಮಂಗಳೂರು ಆಕಾಶವಾಣಿಯ ಹಳೆ ಕೇಳುಗರಿಗೆ 1089 ಎಂಬ ಅಂಕಿ ನೆನಪಿರುತ್ತದೆ. ಅಮೆರಿಕದ ಲೆಕ್ಕದಲ್ಲಿ ಹೊರಟ ರೇಡಿಯೋ 1080ರಲ್ಲಿ ನಿಲ್ಲುತ್ತದೆ, ಮುಂದೆ 1090ಕ್ಕೆ ಹಾರುತ್ತದೆ, 1089 ಸಿಗುವುದೇ ಇಲ್ಲ. ಎಫ್‌ಎಂನಲ್ಲೂ ಹಾಗೆಯೇ: ಅಲ್ಲಿ ದಶಾಂಶದ ನಂತರ ಬೆಸ ಅಂಕಿ ಮಾತ್ರ, 88.1, 88.3 ಹೀಗೆ. ಸೆಟ್ಟಿಂಗಿನಲ್ಲಿ ಪ್ರದೇಶ ಬದಲಿಸುವ ಆಯ್ಕೆ ಇದೆಯೇ ಎಂದು ಕೊಳ್ಳುವ ಮೊದಲೇ ನೋಡಿಕೊಳ್ಳಿ. ಆಂಟೆನಾವನ್ನಂತೂ ಹಳೆಯ ಜಾಗದಲ್ಲಿ, ಹೊರಗೆ ಉದ್ದಕ್ಕೆ ನಿಂತದ್ದನ್ನೇ ಉಳಿಸಿ. ಗಾಜಿಗೆ ಅಂಟಿಸುವ ಅಡಗು ಆಂಟೆನಾಗಳಲ್ಲಿ ಎ.ಎಂ. ಹೇಳಿಕೊಳ್ಳುವಷ್ಟು ಬರುವುದಿಲ್ಲ.

ಹೇಗೂ ಮೊಬೈಲ್ ಇರುವಾಗ ಎ.ಎಂ. ಯಾರಿಗೆ ಬೇಕು ಎಂಬ ಪ್ರಶ್ನೆ ಅಮೆರಿಕದಲ್ಲೂ ಎದ್ದಿತ್ತು. ಹೊಸ ಗಾಡಿಗಳಲ್ಲಿ ಎ.ಎಂ. ಕೈಬಿಡುತ್ತೇವೆ ಎಂದು ಹೊರಟ ಫೋರ್ಡ್ ಕಂಪನಿ 2023ರ ಮೇ ತಿಂಗಳಲ್ಲಿ ಮನಸ್ಸು ಬದಲಿಸಿತು. ತುರ್ತು ಸಂದರ್ಭದ ಸೂಚನೆ ದೂರದ ಹಳ್ಳಿಗೂ ಮುಟ್ಟುವುದು ಎ.ಎಂ.ನಲ್ಲಿ ಎಂಬುದು ಅಲ್ಲಿನ ವಾದ. ಇದಕ್ಕೆ ಹಳೆ ಪಿಕಪ್‌ನಲ್ಲೇ ಒಂದು ಗುರುತಿದೆ. 1953ರಿಂದ 1963ರವರೆಗೆ ಅಮೆರಿಕದಲ್ಲಿ ಮಾರಾಟವಾದ ರೇಡಿಯೋಗಳ ಅಂಕಿಪಟ್ಟಿಯಲ್ಲಿ 640 ಮತ್ತು 1240ರ ಬಳಿ ಸಣ್ಣ ತ್ರಿಕೋನಗಳಿರುತ್ತವೆ. ರಷ್ಯಾದ ಬಾಂಬ್ ವಿಮಾನ ಬಂದರೆ ಉಳಿದ ಸ್ಟೇಷನ್‌ಗಳು ಬಂದ್, ಈ ಎರಡರಲ್ಲಿ ಮಾತ್ರ ಸೂಚನೆ ಎಂಬ ಸರಕಾರಿ ಏರ್ಪಾಡು ಅದು. ಶತ್ರು ವಿಮಾನಗಳು ರೇಡಿಯೋ ಅಲೆ ಹಿಡಿದು ಊರಿನ ದಾರಿ ಕಂಡುಕೊಳ್ಳಬಾರದು ಎಂಬ ಭಯ! ಹಳೆ ವೇಷದ ಹೊಸ ರೇಡಿಯೋ ಎಷ್ಟೇ ಚೆಂದ ಇರಲಿ, ಇಂಥ ಗುರುತು ಅದರಲ್ಲಿ ಹುಡುಕಬೇಡಿ. ಡಿಜಿಟಲ್ ಪರದೆಗೆ ಆ ಭಯ ಗೊತ್ತಿಲ್ಲ.

ಈ ಕಾರಣಕ್ಕೇ ಒರಿಜಿನಲ್ ರೇಡಿಯೋ ಇರುವ ಗಾಡಿಗೆ ನಾವು ಬೇರೆ ಸಲಹೆ ಕೊಡುತ್ತೇವೆ. ಅದನ್ನು ತೆಗೆಯಬೇಡಿ. ಅದರ ಮುಖ, ತಿರುಗಣೆ, ಗುಂಡಿ ಎಲ್ಲ ಹಾಗೇ ಇಟ್ಟು ಒಳಗಿನ ವಾಲ್ವ್ ಜಾಗದಲ್ಲಿ ಹೊಸ ಬೋರ್ಡ್ ಕೂರಿಸಿಕೊಡುವ ಕುಶಲಿಗಳು ಅಮೆರಿಕದಲ್ಲೂ ಯುರೋಪಿನಲ್ಲೂ ಇದ್ದಾರೆ. ಮುಳ್ಳು ಮೊದಲಿನಂತೆಯೇ ಸರಿಯುತ್ತದೆ, ಹಾಡು ಬ್ಲೂಟೂತಿನದ್ದು. ದುಡ್ಡು ಜಾಸ್ತಿ, ಕಾಯುವುದೂ ಜಾಸ್ತಿ. ಅಷ್ಟು ಬೇಡ ಎನ್ನುವವರು ಸತ್ತ ರೇಡಿಯೋವನ್ನು ಅದರ ಜಾಗದಲ್ಲೇ ಬಿಟ್ಟು, ಸೀಟಿನ ಅಡಿಯಲ್ಲಿ ಬ್ಲೂಟೂತ್ ಆಂಪ್ಲಿಫೈಯರ್ ಒಂದನ್ನು ಅಡಗಿಸಬಹುದು. ಖರ್ಚೂ ಕಡಿಮೆ, ಒಂದು ತೂತೂ ಬೇಡ. ಹಳೆ ವೇಷದ ಹೊಸ ರೇಡಿಯೋ ನಿಜವಾಗಿ ಒಪ್ಪುವುದು ಒರಿಜಿನಲ್ ಎಂದೋ ಕಳೆದುಹೋದ ಗಾಡಿಗೆ, ಇಲ್ಲವೇ ಮುಚ್ಚಳ ಮಾತ್ರ ಇದ್ದ ಗಾಡಿಗೆ. ಮೊದಲೇ ಕೊಯ್ದ ಡ್ಯಾಶ್‌ಬೋರ್ಡಿಗಾದರೆ, 180-50ರ ಅಳತೆಯಲ್ಲೇ ಹಳೆ ಮುಖ ಇರುವ ಸೆಟ್‌ಗಳೂ ಬರುತ್ತವೆ. ಬ್ಲೌಪಂಕ್ಟ್ ಕಂಪನಿ ತನ್ನ ಎಂಬತ್ತರ ದಶಕದ 'ಬ್ರೆಮೆನ್' ರೇಡಿಯೋವನ್ನು ಅದೇ ಮುಖದಲ್ಲಿ ಮತ್ತೆ ತಂದಿದೆ. ಐವತ್ತರ ದಶಕದ ಪಿಕಪ್‌ಗೆ ಎಂಬತ್ತರ ಮುಖ ಪೂರ್ತಿ ಹೊಂದುವುದಿಲ್ಲ, ಆದರೂ ಕಣ್ಣಿಗೆ ಹೊಡೆಯುವ ದೊಡ್ಡ ಟಚ್ ಸ್ಕ್ರೀನಿಗಿಂತ ವಾಸಿ.

ಊರಿನಲ್ಲಿ ಹಳೆ ಗಾಡಿ ಇಟ್ಟುಕೊಂಡವರೂ ಇದನ್ನು ಕಿವಿಗೆ ಹಾಕಿಕೊಳ್ಳಬಹುದು. 2021ರ ಜುಲೈಯಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳ ನೋಂದಣಿಗೆ ನಿಯಮ ತಂದಿದೆ. 50 ವರ್ಷ ದಾಟಿರಬೇಕು, ಸ್ವಂತ ಬಳಕೆಯದ್ದಾಗಿರಬೇಕು, ಮೂಲ ರೂಪದಲ್ಲೇ ಉಳಿದಿರಬೇಕು. ಚಾಸಿಸ್, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ನಂಬರಿನಲ್ಲಿ 'ವಿ.ಎ.' ಎಂಬ ಅಕ್ಷರ. ರೇಡಿಯೋ ಬದಲಿಸಿದರೆ ನೋಂದಣಿ ಸಿಗುವುದಿಲ್ಲ ಎಂದು ಅದರಲ್ಲಿ ಬರೆದಿಲ್ಲ. ಆದರೆ ಮೂಲ ರೂಪ ಎಂಬ ಮಾತು ಬಂದಲ್ಲಿ, ಕೊಯ್ದ ಡ್ಯಾಶ್‌ಬೋರ್ಡ್ ತೋರಿಸಿ ವಾದಿಸುವುದಕ್ಕಿಂತ ಕೊಯ್ಯದೇ ಇರುವುದು ಸುಲಭ. ಒಂದು ಕಾಲದಲ್ಲಿ ನಮ್ಮ ದೇಶದಲ್ಲಿ ರೇಡಿಯೋ ಇಡಬೇಕಾದರೂ ಪೋಸ್ಟ್ ಆಫೀಸಿಗೆ ಹೋಗಿ ಲೈಸೆನ್ಸ್ ಮಾಡಿಸಬೇಕಿತ್ತು ಎಂದರೆ ಈಗಿನ ಮಕ್ಕಳು ನಂಬುವುದಿಲ್ಲ.

ಕೊನೆಗೆ ಗ್ಯಾರೇಜಿನ ಹುಡುಗರಿಗೆ ಒಂದು ಕೋರಿಕೆ. ಕೆಲಸ ಶುರು ಮಾಡುವ ಮೊದಲು ಡ್ಯಾಶ್‌ಬೋರ್ಡಿನ ಎದುರು, ಹಿಂದೆ, ಬ್ಯಾಟರಿ ಟರ್ಮಿನಲ್ ಎಲ್ಲದರ ಫೋಟೋ ತೆಗೆದು ಮಾಲಕರಿಗೆ ವಾಟ್ಸಪ್‌ನಲ್ಲಿ ಕಳುಹಿಸಿ. ಹೊಸ ವೈರನ್ನು ಹಳೆ ವೈರಿಂಗಿಗೆ ಹೊಸೆಯದೆ ಬ್ಯಾಟರಿಯಿಂದಲೇ ಬೇರೆ ಎಳೆಯಿರಿ. ನಾಳೆ ಯಾರಾದರೂ ತೆಗೆಯಬೇಕೆಂದರೆ ಅರ್ಧ ಗಂಟೆಯಲ್ಲಿ ತೆಗೆಯುವಂತಿರಲಿ. ಬಿಚ್ಚಿದ ಹಳೆ ರೇಡಿಯೋ, ಮುಚ್ಚಳ, ತಿರುಗಣೆ, ನಟ್ಟು, ವಾಷರ್ ಒಂದನ್ನೂ ಗುಜರಿ ಡಬ್ಬಿಗೆ ಹಾಕಬೇಡಿ. 'ಇದೆಲ್ಲ ಎಂತಕ್ಕೆ, ಬಿಸಾಡು' ಎಂದು ಮಾಲಕರೇ ಹೇಳಿದರೂ ಕೇಳಬೇಡಿ. ಎಲ್ಲವನ್ನೂ ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿ, ಮೇಲೆ ಗಾಡಿಯ ಮಾಡೆಲ್ ಮತ್ತು ಇಸವಿ ಬರೆದು, ಕೀಲಿ ಕೊಡುವಾಗ ಅದನ್ನೂ ಅವರ ಕೈಗೇ ಕೊಡಿ.